ಡಾರ್ಕ್, ಫ್ಲ್ಯಾಟ್, ಬಯಾಸ್: ಆಕಾಶ ಛಾಯಾಗ್ರಹಣಕ್ಕೆ ಕ್ಯಾಲಿಬ್ರೇಷನ್ ಫ್ರೇಮ್ ತೆಗೆಯುವ ಕ್ರಮ

ಗಂಟೆಗಟ್ಟಲೆ ತೆಗೆದ ನೀಹಾರಿಕೆಯ ಫ್ರೇಮ್‌ಗಳನ್ನು ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದು) ಸ್ಟ್ರೆಚ್ ಮಾಡಿದ (ಮಸುಕು ಭಾಗ ಕಾಣುವಂತೆ ಹೊಳಪು ಏರಿಸಿದ) ಕೂಡಲೇ ಮೂರು ಬಗೆಯ ಕೊಳೆ ಮೇಲೇಳುತ್ತದೆ. ನಾಲ್ಕು ಮೂಲೆಗಳಲ್ಲಿ ಕತ್ತಲು, ಅಲ್ಲಲ್ಲಿ ಮಸುಕಾದ ಉಂಗುರಗಳು, ಚಿತ್ರದ ತುಂಬ ಕೆಂಪು, ಹಸಿರು, ನೀಲಿ ಚುಕ್ಕೆಗಳು. ಮೊದಲೆರಡು ಲೆನ್ಸ್ ಮತ್ತು ಧೂಳಿನಿಂದ ಬಂದವು, ಮೂರನೆಯದು ಸೆನ್ಸರ್‌ನದು. ಇವನ್ನು ಫೋಟೊ ಎಡಿಟರ್‌ನಲ್ಲಿ ಕೈಯಿಂದ ಒರೆಸಲು ಹೊರಟರೆ ನೀಹಾರಿಕೆಯ ತೆಳುವಾದ ಅಂಚುಗಳೂ ಜೊತೆಗೇ ಅಳಿಸಿಹೋಗುತ್ತವೆ. ದೋಷವನ್ನು ಅಳೆದು ಲೆಕ್ಕದಿಂದ ತೆಗೆಯುವುದೇ ಸರಿಯಾದ ದಾರಿ. ಆ ಅಳತೆಗಳೇ ಕ್ಯಾಲಿಬ್ರೇಷನ್ ಫ್ರೇಮ್‌ಗಳು.

ಸಾಫ್ಟ್‌ವೇರ್ ಯಾವುದೇ ಇರಲಿ, ಒಳಗೆ ನಡೆಯುವ ಲೆಕ್ಕ ಇಷ್ಟೇ:

ಸರಿಪಡಿಸಿದ ಚಿತ್ರ = (ಲೈಟ್ − ಡಾರ್ಕ್) ÷ (ಫ್ಲ್ಯಾಟ್ − ಬಯಾಸ್)

ಛೇದದ ಫ್ಲ್ಯಾಟ್‌ನ ಸರಾಸರಿ 1 ಆಗುವಂತೆ ಮೊದಲೇ ಹೊಂದಿಸಿಕೊಳ್ಳಲಾಗುತ್ತದೆ. ಲೈಟ್ ಎಂದರೆ ಆಕಾಶದ ಅಸಲು ಫ್ರೇಮ್. ಡಾರ್ಕ್ ಎಂದರೆ ಮುಚ್ಚಳ ಹಾಕಿ ಲೈಟ್‌ನಷ್ಟೇ ಹೊತ್ತು ತೆಗೆದದ್ದು, ಫ್ಲ್ಯಾಟ್ ಎಂದರೆ ಸಮನಾಗಿ ಹೊಳೆಯುವ ಬಿಳಿ ಮೇಲ್ಮೈಯದು, ಬಯಾಸ್ ಎಂದರೆ ಮುಚ್ಚಳ ಹಾಕಿ ಅತಿ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ತೆಗೆದದ್ದು. ಲೈಟ್‌ನಲ್ಲಿ ಸೆನ್ಸರ್ ತಾನಾಗಿ ಸೇರಿಸಿದ್ದನ್ನು ಕಳೆಯಬೇಕು, ಲೆನ್ಸ್ ಹಾಗೂ ಧೂಳು ತಿಂದದ್ದನ್ನು ಭಾಗಿಸಿ ತುಂಬಿಕೊಡಬೇಕು. ಈ ಒಂದು ಸಾಲು ಮನಸ್ಸಿನಲ್ಲಿದ್ದರೆ ಯಾವ ಫ್ರೇಮ್‌ಗೆ ಯಾವ ಸೆಟ್ಟಿಂಗ್ ಎಂಬುದನ್ನು ಬಾಯಿಪಾಠ ಮಾಡಬೇಕಿಲ್ಲ. ಕಳೆಯುವ ಫ್ರೇಮ್‌ನಲ್ಲಿ ಸೆನ್ಸರ್‌ನ ಸ್ಥಿತಿ ಲೈಟ್‌ನಂತೆಯೇ ಇರಬೇಕು, ಭಾಗಿಸುವ ಫ್ರೇಮ್‌ನಲ್ಲಿ ಬೆಳಕಿನ ದಾರಿ ಲೈಟ್‌ನಂತೆಯೇ ಇರಬೇಕು.

ಒಂದೇ ಒಂದು ಬಗೆಯ ಫ್ರೇಮ್ ತೆಗೆಯಲು ಮಾತ್ರ ಸಮಯವಿದ್ದರೆ ಫ್ಲ್ಯಾಟ್ ತೆಗೆಯಿರಿ. ಹಾಟ್ ಪಿಕ್ಸೆಲ್‌ಗಳನ್ನು (ಬೆಳಕಿಲ್ಲದೆಯೂ ಹೊಳೆಯುವ ಪಿಕ್ಸೆಲ್‌ಗಳು, ಮೇಲೆ ಹೇಳಿದ ಬಣ್ಣದ ಚುಕ್ಕೆಗಳು) ಡಿದರಿಂಗ್‌ನಿಂದ, ಅಂದರೆ ಫ್ರೇಮ್‌ಗಳ ನಡುವೆ ಟೆಲಿಸ್ಕೋಪನ್ನು ತುಸು ಸರಿಸುವುದರಿಂದ, ಬಹುಮಟ್ಟಿಗೆ ನಿಭಾಯಿಸಬಹುದು. ಮೂಲೆಯ ಕತ್ತಲಿಗೂ ಧೂಳಿನ ಉಂಗುರಕ್ಕೂ ಅಂಥ ಅಡ್ಡದಾರಿ ಇಲ್ಲ. ಹೊಸಬರು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿ ಡಾರ್ಕ್ ತೆಗೆದು ಫ್ಲ್ಯಾಟ್ ಬಿಡುತ್ತಾರೆ, ಏಕೆಂದರೆ ಮುಚ್ಚಳ ಹಾಕಿ ಬಟನ್ ಒತ್ತುವುದು ಸುಲಭ.

ಮೊದಲು ಕ್ಯಾಮೆರಾದ ಸೆಟ್ಟಿಂಗ್

ಎಲ್ಲ ಫ್ರೇಮ್‌ಗಳೂ ರಾ ರೂಪದಲ್ಲೇ ಇರಬೇಕು. ಜೆಪೆಗ್‌ನಲ್ಲಿ ಸಂಖ್ಯೆಗಳು ಬೆಳಕಿಗೆ ನೇರ ಅನುಪಾತದಲ್ಲಿ ಇರುವುದಿಲ್ಲ, ಹಾಗಾಗಿ ಕಳೆಯುವುದಕ್ಕೂ ಭಾಗಿಸುವುದಕ್ಕೂ ಅರ್ಥವಿರುವುದಿಲ್ಲ. ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಆದರೆ ಮೆನುವಿನಲ್ಲಿ ಇವನ್ನು ಆಫ್ ಮಾಡಿ: ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್, ಲೆನ್ಸ್‌ನ ವಿನ್ಯೆಟಿಂಗ್ (ಮೂಲೆಯ ಕತ್ತಲು) ತಿದ್ದುಪಡಿ, ಆಟೊ ಐಎಸ್‌ಒ, ಇಮೇಜ್ ಸ್ಟೆಬಿಲೈಸೇಷನ್. ಮೊದಲನೆಯದು ಪ್ರತಿ ಫ್ರೇಮ್ ಆದಮೇಲೆ ಅಷ್ಟೇ ಹೊತ್ತಿನ ಡಾರ್ಕ್ ತೆಗೆದು ತಾನೇ ಕಳೆಯುತ್ತದೆ. ರಾತ್ರಿಯ ಅರ್ಧ ಸಮಯ ಅಲ್ಲೇ ಹೋಗುತ್ತದೆ, ಅದೂ ಒಂದೇ ಡಾರ್ಕ್ ಕಳೆಯುವುದರಿಂದ ಗದ್ದಲ ಹೆಚ್ಚೇ ಆಗುತ್ತದೆ. ವಿನ್ಯೆಟಿಂಗ್ ತಿದ್ದುಪಡಿ ಕೆಲವು ಕ್ಯಾಮೆರಾಗಳಲ್ಲಿ ರಾ ಫೈಲನ್ನೂ ಮುಟ್ಟುತ್ತದೆ. ವೈಟ್ ಬ್ಯಾಲೆನ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಖಗೋಳ ಕ್ಯಾಮೆರಾ ಆದರೆ ಗೇನ್ (ಐಎಸ್‌ಒನಂತೆ ಸಂಕೇತವನ್ನು ಹಿಗ್ಗಿಸುವ ಮಟ್ಟ), ಆಫ್‌ಸೆಟ್ (ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೆ ಸೇರಿಸುವ ನೆಲೆಮಟ್ಟ), ತಾಪಮಾನ ಮೂರನ್ನೂ ಒಮ್ಮೆ ನಿಗದಿ ಮಾಡಿ ಹಾಗೇ ಬಿಡಿ. ಆಫ್‌ಸೆಟ್ ಸಾಕೋ ಇಲ್ಲವೋ ನೋಡಲು ಒಂದು ಬಯಾಸ್ ತೆಗೆದು ಕನಿಷ್ಠ ಮೌಲ್ಯ ಪರೀಕ್ಷಿಸಿ. ಸೊನ್ನೆಗೆ ಅಂಟಿಕೊಂಡ ಪಿಕ್ಸೆಲ್‌ಗಳು ಕಂಡರೆ ಆಫ್‌ಸೆಟ್ ಏರಿಸಬೇಕು. ಸೊನ್ನೆಯಲ್ಲಿ ಕತ್ತರಿಸಿಹೋದ ಮಾಹಿತಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

ಫ್ಲ್ಯಾಟ್ ಫ್ರೇಮ್

ಎಲ್ಲೆಡೆ ಒಂದೇ ಸಮನಾಗಿ ಹೊಳೆಯುವ ಬಿಳಿ ಮೇಲ್ಮೈಯ ಚಿತ್ರವೇ ಫ್ಲ್ಯಾಟ್. ಅದರಲ್ಲಿ ಎಲ್ಲಿ ಕಪ್ಪು ಕಾಣುತ್ತದೋ ಅಲ್ಲಿ ನಿಮ್ಮ ಟೆಲಿಸ್ಕೋಪ್ ಬೆಳಕನ್ನು ಕಳೆದುಕೊಳ್ಳುತ್ತಿದೆ ಎಂದರ್ಥ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ: ಲೈಟ್ ಫ್ರೇಮ್ ಮುಗಿದ ಮೇಲೆ ಕ್ಯಾಮೆರಾವನ್ನು ಕಳಚಬೇಡಿ, ತಿರುಗಿಸಬೇಡಿ, ಫೋಕಸ್ ಬದಲಿಸಬೇಡಿ. ಲೆನ್ಸ್ ಆದರೆ ಅಪರ್ಚರ್ ಅದೇ ಇರಲಿ, ಜೂಮ್ ಲೆನ್ಸಿನ ರಿಂಗ್ ಜಾರದಂತೆ ಟೇಪ್ ಅಂಟಿಸಿಡಿ. ಲೆನ್ಸ್‌ಹುಡ್ ಅಥವಾ ಡ್ಯೂ ಶೀಲ್ಡ್ ಲೈಟ್ ತೆಗೆಯುವಾಗ ಇದ್ದರೆ ಈಗಲೂ ಇರಬೇಕು. ರಾತ್ರಿಯ ತಂಪಿಗೆ ಆಟೊಫೋಕಸರ್ ಕೆಲವೇ ಹೆಜ್ಜೆ ಸರಿದಿದ್ದರೆ ತೊಂದರೆಯಿಲ್ಲ. ಫೋಕಸರ್ ಮಿಲಿಮೀಟರ್‌ಗಟ್ಟಲೆ ಸರಿದರೆ ಮಾತ್ರ ಉಂಗುರಗಳ ಗಾತ್ರ ಬದಲಾಗುತ್ತದೆ. ಲೆನ್ಸಿನ ಮೇಲೆ ಇಬ್ಬನಿ ಕೂತಿದ್ದರೆ ಆರುವವರೆಗೆ ಕಾಯಿರಿ.

ಬೆಳಕಿನ ಮೂಲವಾಗಿ ಎಲ್‌ಇಡಿ ಟ್ರೇಸಿಂಗ್ ಪ್ಯಾನೆಲ್ ಅಗ್ಗ ಮತ್ತು ಸಲೀಸು. ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬಿಳಿ ಮಾಡಿಯೂ ಬಳಸಬಹುದು, ಆದರೆ ಅದು ಲೆನ್ಸಿನ ಬಾಯಿಗಿಂತ ದೊಡ್ಡದಿರಬೇಕು. ಕ್ರಮ ಹೀಗೆ:

1. ಟೆಲಿಸ್ಕೋಪನ್ನು ನೇರ ಮೇಲಕ್ಕೆ ತಿರುಗಿಸಿ, ಟ್ರ್ಯಾಕಿಂಗ್ ನಿಲ್ಲಿಸಿ.
2. ಬಾಯಿಗೆ ಬಿಳಿ ಹತ್ತಿಬಟ್ಟೆಯನ್ನು ಎರಡು ಪದರವಾಗಿ, ಸುಕ್ಕಿಲ್ಲದಂತೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಅದರ ಮೇಲೆ ಪ್ಯಾನೆಲ್ಲಿನ ಹೊಳೆಯುವ ಬದಿ ಕೆಳಗಾಗುವಂತೆ ಇಡಿ.
3. ಐಎಸ್‌ಒ ಅಥವಾ ಗೇನ್ ಲೈಟ್‌ನದ್ದೇ ಇರಲಿ. ಫ್ಲ್ಯಾಟ್‌ಗೆ ಬೇರೆ ಗೇನ್ ಬಳಸಲೇಬಾರದು ಎಂದೇನಿಲ್ಲ, ಆದರೆ ಆಗ ಅದಕ್ಕೆ ಪ್ರತ್ಯೇಕ ಬಯಾಸ್ ಬೇಕಾಗುತ್ತದೆ, ಗೋಜಲು ಹೆಚ್ಚುತ್ತದೆ.
4. ಎಕ್ಸ್‌ಪೋಷರ್ ಮಾತ್ರ ಬದಲಿಸುತ್ತ ಹಿಸ್ಟೋಗ್ರಾಂ ನೋಡಿ. 16 ಬಿಟ್ ಫೈಲ್ ಕೊಡುವ ಖಗೋಳ ಕ್ಯಾಮೆರಾದಲ್ಲಿ ಸರಾಸರಿ 25000ದಿಂದ 32000ದ ನಡುವೆ ಬರಲಿ. ಡಿಎಸ್‌ಎಲ್‌ಆರ್‌ನಲ್ಲಿ ಅಪರ್ಚರ್ ಪ್ರಯಾರಿಟಿ ಮೋಡ್‌ಗೆ ಹಾಕಿ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸೊನ್ನೆಯಿಂದ +1ರ ನಡುವೆ ಇಟ್ಟರೆ ಸಾಕು.
5. 25ರಿಂದ 30 ಫ್ರೇಮ್ ತೆಗೆಯಿರಿ. ಫಿಲ್ಟರ್ ಬದಲಿಸುತ್ತಿದ್ದರೆ ಪ್ರತಿ ಫಿಲ್ಟರ್‌ಗೂ ಬೇರೆ ಬೇರೆ ಸೆಟ್.

ನಾಲ್ಕನೇ ಹೆಜ್ಜೆಗೆ ಎರಡು ಮಾತು. ಕ್ಯಾಮೆರಾದ ಹಿಂಬದಿ ಪರದೆ ತೋರಿಸುವ ಹಿಸ್ಟೋಗ್ರಾಂ ಜೆಪೆಗ್‌ನದ್ದು, ಅಂದರೆ ಆಗಲೇ ಗಾಮಾ ಏರಿಸಿದ್ದು (ಮಂದ ಭಾಗಗಳ ಹೊಳಪು ಹೆಚ್ಚಿಸಿದ್ದು). ಅಲ್ಲಿ ಶಿಖರ ಮಧ್ಯದಲ್ಲಿ ಕಂಡರೆ ರಾ ಫೈಲಿನಲ್ಲಿ ಅದು ಅರ್ಧಕ್ಕಿಂತ ಬಹಳ ಕೆಳಗೇ ಇರುತ್ತದೆ. ಆದ್ದರಿಂದ ಶಿಖರ ಮಧ್ಯಕ್ಕಿಂತ ತುಸು ಬಲಕ್ಕಿದ್ದರೆ ಒಳ್ಳೆಯದೇ, ಕೆಂಪು, ಹಸಿರು, ನೀಲಿ ಮೂರರಲ್ಲಿ ಯಾವುದೂ ಬಲಗೋಡೆಗೆ ತಾಗಬಾರದು ಅಷ್ಟೆ. ಬೆಳಕು ತೀರ ಹೆಚ್ಚಾದರೆ ಪಿಕ್ಸೆಲ್ ತುಂಬಿ ನೇರ ಅನುಪಾತ ತಪ್ಪುತ್ತದೆ. ತೀರ ಕಡಿಮೆಯಾದರೆ ಫ್ಲ್ಯಾಟ್‌ನ ಗದ್ದಲವೇ ಲೈಟ್‌ಗೆ ಅಂಟುತ್ತದೆ.

ಇನ್ನು ಎಕ್ಸ್‌ಪೋಷರ್‌ನ ಅವಧಿ. ಮಂಕು ಮಾಡಿದ ಎಲ್‌ಇಡಿ ಪ್ಯಾನೆಲ್‌ಗಳು ಬಹುತೇಕ ಅತಿ ವೇಗದಲ್ಲಿ ಉರಿದು ಆರುತ್ತಿರುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಸೆನ್ಸರ್ ಸಾಲುಸಾಲಾಗಿ ಓದುವುದರಿಂದ 1/500 ಸೆಕೆಂಡಿನಂಥ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ಅಡ್ಡಪಟ್ಟೆಗಳು ಮೂಡುತ್ತವೆ. ಮದ್ದು ಸರಳ: ಪ್ಯಾನೆಲನ್ನು ಪೂರ್ಣ ಹೊಳಪಿನಲ್ಲಿಟ್ಟು, ಬಟ್ಟೆಯ ಮೇಲೆ ಬಿಳಿ ಕಾಗದದ ಹಾಳೆಗಳನ್ನು ಒಂದೊಂದಾಗಿ ಸೇರಿಸಿ, ಎಕ್ಸ್‌ಪೋಷರ್ 1 ಸೆಕೆಂಡಿಗಿಂತ ಹೆಚ್ಚಾಗುವಂತೆ ಮಾಡಿ. ಐಎಂಎಕ್ಸ್294 ಸೆನ್ಸರ್‌ನ ಕ್ಯಾಮೆರಾಗಳಲ್ಲಿ ಇದು ಇನ್ನೂ ಮುಖ್ಯ. ಅತಿ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ಆ ಸೆನ್ಸರ್‌ನ ನಡವಳಿಕೆಯೇ ಬೇರೆಯಾಗುವುದರಿಂದ ಅದರ ಫ್ಲ್ಯಾಟ್ 3 ಸೆಕೆಂಡಿಗಿಂತ ಕಡಿಮೆ ಬೇಡ. ಹೈಡ್ರೋಜನ್ ಆಲ್ಫಾದಂಥ ನ್ಯಾರೋಬ್ಯಾಂಡ್ ಫಿಲ್ಟರ್‌ಗೆ (ಒಂದೇ ಕಿರಿದಾದ ಬಣ್ಣಪಟ್ಟಿಯ ಬೆಳಕನ್ನಷ್ಟೇ ಬಿಡುವಂಥದ್ದು) ಬೆಳಕು ಸಾಲದೆ ಎಕ್ಸ್‌ಪೋಷರ್ ತಾನಾಗಿಯೇ ಉದ್ದವಾಗುತ್ತದೆ, ಅಲ್ಲಿ ಕಾಗದ ತೆಗೆಯಬೇಕಾಗಬಹುದು.

ಪ್ಯಾನೆಲ್ ನಿಜಕ್ಕೂ ಸಮವಾಗಿದೆಯೇ? ಒಂದು ಫ್ಲ್ಯಾಟ್ ತೆಗೆದು, ಪ್ಯಾನೆಲನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು ತೆಗೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿ. ಫಲಿತಾಂಶ ಒಂದೇ ಬೂದುಬಣ್ಣವಾಗಿದ್ದರೆ ಪ್ಯಾನೆಲ್ ಒಳ್ಳೆಯದು. ಒಂದು ಬದಿಯಿಂದ ಇನ್ನೊಂದಕ್ಕೆ ಇಳಿಜಾರು ಕಂಡರೆ ಇನ್ನೊಂದು ಪದರ ಬಟ್ಟೆ ಹಾಕಿ, ಅಥವಾ ಪ್ರತಿ ಕೆಲವು ಫ್ರೇಮ್‌ಗೊಮ್ಮೆ ಪ್ಯಾನೆಲನ್ನು ತಿರುಗಿಸುತ್ತ ಸರಾಸರಿ ಮಾಡಿ.

ಪ್ಯಾನೆಲ್ ಇಲ್ಲದವರಿಗೆ ಮುಸ್ಸಂಜೆ ಅಥವಾ ಮುಂಜಾವಿನ ಆಕಾಶವಿದೆ. ಸೂರ್ಯ ಮುಳುಗಿದ ಮೇಲೆ, ನಕ್ಷತ್ರಗಳು ಇನ್ನೂ ಮೂಡದ ಹೊತ್ತಿನಲ್ಲಿ, ನೆತ್ತಿಯಿಂದ ತುಸು ಪೂರ್ವಕ್ಕೆ ಟೆಲಿಸ್ಕೋಪ್ ತಿರುಗಿಸಿ. ಬೆಳಗಾದರೆ ಪಶ್ಚಿಮಕ್ಕೆ. ಬೆಳಕು ನಿಮಿಷನಿಮಿಷಕ್ಕೂ ಬದಲಾಗುವುದರಿಂದ ಪ್ರತಿ ಮೂರ್ನಾಲ್ಕು ಫ್ರೇಮ್‌ಗೆ ಎಕ್ಸ್‌ಪೋಷರ್ ಬದಲಿಸುತ್ತಿರಬೇಕು. ಟ್ರ್ಯಾಕಿಂಗ್ ನಿಲ್ಲಿಸಿದ್ದರೆ ನುಸುಳಿದ ನಕ್ಷತ್ರ ಪ್ರತಿ ಫ್ರೇಮ್‌ನಲ್ಲೂ ಬೇರೆ ಕಡೆ ಬಿದ್ದು ಸಿಗ್ಮಾ ಕ್ಲಿಪ್ಪಿಂಗ್‌ನಲ್ಲಿ (ಸರಾಸರಿ ಮಾಡುವಾಗ ಉಳಿದವಕ್ಕಿಂತ ಬಹಳ ಬೇರೆಯಾದ ಮೌಲ್ಯವನ್ನು ಬಿಡುವ ವಿಧಾನ) ಹೋಗುತ್ತದೆ. ಅಗಲ ನೋಟದ ಲೆನ್ಸ್‌ಗೆ ಮಾತ್ರ ಈ ವಿಧಾನ ಬೇಡ, ಅಷ್ಟು ದೊಡ್ಡ ಆಕಾಶ ಒಂದೇ ಹೊಳಪಿನದಾಗಿರುವುದಿಲ್ಲ.

ಉಂಗುರ ಕಂಡರೆ ಧೂಳು ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಉಂಗುರದ ವ್ಯಾಸವನ್ನು ಪಿಕ್ಸೆಲ್‌ನಲ್ಲಿ ಅಳೆದು, ಪಿಕ್ಸೆಲ್ ಗಾತ್ರದಿಂದಲೂ ಎಫ್ ಸಂಖ್ಯೆಯಿಂದಲೂ ಗುಣಿಸಿದರೆ ಸೆನ್ಸರ್‌ನಿಂದ ಧೂಳಿಗಿರುವ ದೂರ ಸಿಗುತ್ತದೆ. 3.76 ಮೈಕ್ರಾನ್ ಪಿಕ್ಸೆಲ್, ಎಫ್/5 ಟೆಲಿಸ್ಕೋಪ್, 400 ಪಿಕ್ಸೆಲ್ ಉಂಗುರ ಆದರೆ 400 × 3.76 × 5, ಅಂದರೆ ಸುಮಾರು 7.5 ಮಿಲಿಮೀಟರ್. ಅಷ್ಟು ಹತ್ತಿರವಿದ್ದರೆ ಅದು ಬಹುಶಃ ಕ್ಯಾಮೆರಾದ ಮುಂಗಾಜಿನ ಮೇಲಿದೆ. ಉಂಗುರ ಇದರ ಹಲವು ಪಟ್ಟು ದೊಡ್ಡದಿದ್ದರೆ ಫಿಲ್ಟರ್ ನೋಡಿ. ದೊಡ್ಡ ಟೆಲಿಸ್ಕೋಪಿನ ಮುಂದಿನ ಲೆನ್ಸ್ ಒರೆಸಿ ಪ್ರಯೋಜನವಿಲ್ಲ, ಅಲ್ಲಿನ ಧೂಳು ಉಂಗುರವಾಗಿ ಕಾಣುವುದೇ ಇಲ್ಲ.

ಡಾರ್ಕ್ ಫ್ರೇಮ್

ಮುಚ್ಚಳ ಹಾಕಿ, ಲೈಟ್‌ನಷ್ಟೇ ಎಕ್ಸ್‌ಪೋಷರ್, ಅದೇ ಐಎಸ್‌ಒ ಅಥವಾ ಗೇನ್, ಅದೇ ಆಫ್‌ಸೆಟ್, ಅದೇ ತಾಪಮಾನದಲ್ಲಿ ತೆಗೆದದ್ದು ಡಾರ್ಕ್. ಕೊನೆಯದೇ ಕಷ್ಟದ್ದು. ಸೆನ್ಸರ್‌ನ ಉಷ್ಣ ಸಂಕೇತ ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ ಇಮ್ಮಡಿಯಾಗುತ್ತದೆ. ಲೈಟ್ 18 ಡಿಗ್ರಿಯಲ್ಲೂ ಡಾರ್ಕ್ 24 ಡಿಗ್ರಿಯಲ್ಲೂ ಆದರೆ ಹಾಟ್ ಪಿಕ್ಸೆಲ್‌ಗಳನ್ನು ಇದ್ದದ್ದಕ್ಕಿಂತ ಎರಡರಷ್ಟು ಕಳೆದಂತೆ. ಬಿಳಿ ಚುಕ್ಕೆಯ ಜಾಗದಲ್ಲಿ ಕಪ್ಪು ತೂತು ಉಳಿಯುತ್ತದೆ.

ತಂಪುಗೊಳಿಸುವ ವ್ಯವಸ್ಥೆಯಿರುವ ಕ್ಯಾಮೆರಾ ಇದ್ದವರಿಗೆ ಇದು ಚಿಂತೆಯಲ್ಲ. ಮೋಡ ಕವಿದ ದಿನ ಕೂತು ಡಾರ್ಕ್‌ಗಳ ಸಂಗ್ರಹ ಮಾಡಿಕೊಳ್ಳಿ. −10 ಡಿಗ್ರಿಯಲ್ಲಿ, ನೀವು ಬಳಸುವ ಗೇನ್‌ನಲ್ಲಿ, 60, 120, 180, 300 ಸೆಕೆಂಡಿನ ತಲಾ 30 ಫ್ರೇಮ್ ಎಂದರೆ ಒಟ್ಟು ಐದೂವರೆ ಗಂಟೆ, ಕಂಪ್ಯೂಟರ್‌ಗೆ ಒಪ್ಪಿಸಿ ಬಿಡುವ ಕೆಲಸ. ಬೇಸಿಗೆಯಲ್ಲಿ ಕೂಲರ್ −10 ಮುಟ್ಟದಿದ್ದರೆ 0 ಡಿಗ್ರಿಯದೊಂದು ಸೆಟ್ ಸೇರಿಸಿ. ಹೊಸ ಹಾಟ್ ಪಿಕ್ಸೆಲ್‌ಗಳು ಹುಟ್ಟುತ್ತಲೇ ಇರುವುದರಿಂದ ವರ್ಷಕ್ಕೊಮ್ಮೆಯಾದರೂ ಸಂಗ್ರಹ ಹೊಸದಾಗಲಿ. ಫೈಲ್ ಹೆಸರಿನಲ್ಲೇ ತಾಪಮಾನ, ಗೇನ್, ಆಫ್‌ಸೆಟ್, ಎಕ್ಸ್‌ಪೋಷರ್ ಬರೆದಿಡಿ.

ಹಗಲಲ್ಲಿ ಡಾರ್ಕ್ ತೆಗೆಯುವಾಗ ಬೆಳಕಿನ ಸೋರಿಕೆ ಸುಮ್ಮನೆ ಕಾಡುತ್ತದೆ. ಕೆಲವು ಪ್ಲಾಸ್ಟಿಕ್ ಮುಚ್ಚಳಗಳು ಕಣ್ಣಿಗೆ ಕಪ್ಪಾಗಿ ಕಂಡರೂ ಅವುಗಳ ಮೂಲಕ ಅವಗೆಂಪು ಕಿರಣ ಹಾಯುತ್ತದೆ. ಕ್ಯಾಮೆರಾವನ್ನು ಟೆಲಿಸ್ಕೋಪಿನಿಂದ ಬಿಡಿಸಿ, ಲೋಹದ ಮುಚ್ಚಳ ತಿರುಗಿಸಿ, ಕತ್ತಲ ಕಪಾಟಿನಲ್ಲಿಡಿ. ಫ್ಯಾನ್‌ಗೆ ಗಾಳಿಯಾಡಲು ಮಾತ್ರ ಜಾಗವಿರಲಿ. ನ್ಯೂಟೋನಿಯನ್ ಟೆಲಿಸ್ಕೋಪಿನಲ್ಲಿ ಹಾಗೇ ಇಟ್ಟು ತೆಗೆಯುವುದಾದರೆ ಹಿಂಬದಿಯ ಕನ್ನಡಿಯ ಸುತ್ತಲಿನ ಸಂದಿಯನ್ನೂ ಮುಚ್ಚಬೇಕು.

ಡಿಎಸ್‌ಎಲ್‌ಆರ್‌ಗೆ ಸಂಗ್ರಹ ಅಷ್ಟಾಗಿ ಒಗ್ಗುವುದಿಲ್ಲ. ರಾತ್ರಿಯ ಕೊನೆಗೆ, ಅದೇ ಬಯಲಿನಲ್ಲಿ, ಕ್ಯಾಮೆರಾ ಇನ್ನೂ ಓಡುತ್ತಿರುವಾಗಲೇ ಮುಚ್ಚಳ ಹಾಕಿ ಮುಂದುವರಿಸಿ, ವ್ಯೂಫೈಂಡರನ್ನೂ ಮುಚ್ಚಿ. 20 ಫ್ರೇಮ್‌ಗಿಂತ ಕಡಿಮೆ ಬೇಡ. ಹತ್ತಾರು ನಿಮಿಷ ಸುಮ್ಮನಿದ್ದ ಕ್ಯಾಮೆರಾದಲ್ಲಿ ಶುರುಮಾಡಿದರೆ ಮೊದಲ ಕೆಲವು ಫ್ರೇಮ್ ತಣ್ಣಗಿರುತ್ತವೆ, ಅವನ್ನು ಬಿಸಾಡಿ. ಹಲವು ಕ್ಯಾಮೆರಾಗಳು ಒಳಗಿನ ತಾಪಮಾನವನ್ನು ಎಕ್ಸಿಫ್‌ನಲ್ಲಿ (ಫೈಲಿನೊಳಗಿನ ವಿವರಪಟ್ಟಿ) ಬರೆಯುತ್ತವೆ, ಹೋಲಿಸಿ ನೋಡಿ. ವ್ಯತ್ಯಾಸ 5 ಡಿಗ್ರಿ ದಾಟಿದರೆ ಆ ಡಾರ್ಕ್ ಬಳಸುವುದಕ್ಕಿಂತ ಬಿಡುವುದೇ ಮೇಲು. ಆಗ ಲೈಟ್‌ನಿಂದ ಬಯಾಸ್ ಮಾತ್ರ ಕಳೆದು, ಪ್ರತಿ ಕೆಲವು ಫ್ರೇಮ್‌ಗೆ ಟೆಲಿಸ್ಕೋಪನ್ನು ಹತ್ತು ಹದಿನೈದು ಪಿಕ್ಸೆಲ್ ಅಡ್ಡಾದಿಡ್ಡಿ ಸರಿಸುವ ಡಿದರಿಂಗ್ ಹಾಗೂ ಸಿಗ್ಮಾ ಕ್ಲಿಪ್ಪಿಂಗ್‌ಗೆ ಹಾಟ್ ಪಿಕ್ಸೆಲ್‌ಗಳನ್ನು ಒಪ್ಪಿಸಬಹುದು. ಡಾರ್ಕ್ ಇದ್ದರೂ ಡಿದರಿಂಗ್ ಬಿಡಬಾರದು, ಅದು ಬೇರೆ ಮಾತು.

ಐಎಂಎಕ್ಸ್183, ಐಎಂಎಕ್ಸ್294ರಂಥ ಸೆನ್ಸರ್‌ಗಳಲ್ಲಿ ಅಂಚಿನಿಂದ ಹೊಮ್ಮುವ ಆಂಪ್ ಗ್ಲೋ ಎಂಬ ಹೊಳಪು ಇರುತ್ತದೆ. ಅದು ಸರಿಯಾಗಿ ಹೊಂದುವ ಡಾರ್ಕ್‌ನಿಂದ ಮಾತ್ರ ಹೋಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಡಾರ್ಕ್ ಆಪ್ಟಿಮೈಸೇಷನ್ ಎಂಬ ಆಯ್ಕೆ 300 ಸೆಕೆಂಡಿನ ಡಾರ್ಕನ್ನು 180ಕ್ಕೆ ಕುಗ್ಗಿಸಿ ಹೊಂದಿಸಲು ನೋಡುತ್ತದೆ. ಆಂಪ್ ಗ್ಲೋ ಆ ಅನುಪಾತಕ್ಕೆ ಬಗ್ಗುವುದಿಲ್ಲ, ಆದ್ದರಿಂದ ಅದನ್ನು ಆಫ್ ಮಾಡಿ. ಐಎಂಎಕ್ಸ್533, ಐಎಂಎಕ್ಸ್571 ಇರುವವರಿಗೆ ಈ ಗೋಳಿಲ್ಲ.

ಬಯಾಸ್, ಅಥವಾ ಡಾರ್ಕ್ ಫ್ಲ್ಯಾಟ್

ಬೆಳಕೇ ಇಲ್ಲದಿದ್ದರೂ ಸೆನ್ಸರ್ ಸೊನ್ನೆ ಓದುವುದಿಲ್ಲ, ಕ್ಯಾಮೆರಾ ಒಂದು ನೆಲೆಮಟ್ಟ ಸೇರಿಸಿಯೇ ಓದುತ್ತದೆ. ಅದರ ಅಳತೆ ಬಯಾಸ್: ಮುಚ್ಚಳ ಹಾಕಿ, ಅದೇ ಐಎಸ್‌ಒದಲ್ಲಿ, ಕ್ಯಾಮೆರಾದ ಅತಿ ಚಿಕ್ಕ ಎಕ್ಸ್‌ಪೋಷರ್, 1/4000 ಅಥವಾ 1/8000 ಸೆಕೆಂಡ್. 50ರಿಂದ 100 ಫ್ರೇಮ್ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ತಾಪಮಾನ ಇಲ್ಲಿ ಲೆಕ್ಕಕ್ಕಿಲ್ಲ, ಒಮ್ಮೆ ತೆಗೆದದ್ದನ್ನು ತಿಂಗಳುಗಟ್ಟಲೆ ಬಳಸಬಹುದು.

ಡಾರ್ಕ್‌ನೊಳಗೆ ಬಯಾಸ್ ಆಗಲೇ ಸೇರಿರುತ್ತದೆ. ಲೈಟ್‌ನಿಂದ ಡಾರ್ಕ್ ಕಳೆದ ಮೇಲೆ ಮತ್ತೆ ಬಯಾಸ್ ಕಳೆದರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದಂತೆ. ಬಯಾಸ್‌ನ ಮುಖ್ಯ ಕೆಲಸ ಫ್ಲ್ಯಾಟ್‌ನಿಂದ ನೆಲೆಮಟ್ಟ ತೆಗೆಯುವುದು. ಫ್ಲ್ಯಾಟ್‌ನ ಎಕ್ಸ್‌ಪೋಷರ್ ಕೆಲವು ಸೆಕೆಂಡಿನಷ್ಟು ಉದ್ದವಿದ್ದರೆ, ಅಥವಾ ಐಎಂಎಕ್ಸ್294ರಂತೆ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ನಂಬಲಾಗದ ಸೆನ್ಸರ್ ಆದರೆ, ಬಯಾಸ್ ಬದಲು ಡಾರ್ಕ್ ಫ್ಲ್ಯಾಟ್ ತೆಗೆಯಿರಿ. ಫ್ಲ್ಯಾಟ್ ಮುಗಿದ ಕೂಡಲೇ ಪ್ಯಾನೆಲ್ ಆರಿಸಿ, ಮುಚ್ಚಳ ಹಾಕಿ, ಫ್ಲ್ಯಾಟ್‌ನದ್ದೇ ಎಕ್ಸ್‌ಪೋಷರ್‌ನಲ್ಲಿ 25 ಫ್ರೇಮ್.

ಎಷ್ಟು ಫ್ರೇಮ್ ಸಾಕು ಎಂಬುದು ವರ್ಗಮೂಲದ ಲೆಕ್ಕ. 25 ಫ್ರೇಮ್‌ನ ಸರಾಸರಿಯಲ್ಲಿ ಗದ್ದಲ ಐದನೇ ಒಂದಕ್ಕೆ ಇಳಿಯುತ್ತದೆ, ಹತ್ತನೇ ಒಂದಕ್ಕೆ ಇಳಿಸಲು 100 ಬೇಕು. ಡಾರ್ಕ್‌ನಲ್ಲಿ 30ರ ಆಚೆಗಿನ ಲಾಭ ಸಮಯಕ್ಕೆ ತಕ್ಕುದಲ್ಲ.

ಸ್ಟ್ಯಾಕ್ ಮಾಡುವಾಗ

ಸಿರಿಲ್ ಎಂಬ ಸ್ಟ್ಯಾಕ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಬಣ್ಣದ ಕ್ಯಾಮೆರಾಗೆಂದೇ ಸಿದ್ಧ ಸ್ಕ್ರಿಪ್ಟ್ ಇದೆ. ಲೈಟ್ಸ್, ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್ ಎಂಬ ನಾಲ್ಕು ಫೋಲ್ಡರ್‌ಗಳಿಗೆ ಫೈಲ್ ಹಾಕಿ ಓಡಿಸಿದರೆ ಸಾಕು. ಡಾರ್ಕ್ ಫ್ಲ್ಯಾಟ್ ತೆಗೆದಿದ್ದರೆ ಅವನ್ನೇ ಬಯಾಸ್ ಫೋಲ್ಡರ್‌ಗೆ ಹಾಕಿ, ಸ್ಕ್ರಿಪ್ಟ್ ಅದನ್ನು ಫ್ಲ್ಯಾಟ್‌ನಿಂದಲೇ ಕಳೆಯುತ್ತದೆ. ಡೀಪ್‌ಸ್ಕೈಸ್ಟ್ಯಾಕರ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಡಾರ್ಕ್ ಫ್ಲ್ಯಾಟ್‌ಗೆ ಪ್ರತ್ಯೇಕ ಜಾಗವಿದೆ. ಕೈಯಾರೆ ಮಾಸ್ಟರ್ (ಒಂದೇ ಬಗೆಯ ಫ್ರೇಮ್‌ಗಳ ಸರಾಸರಿ) ಮಾಡುವವರು ಬಯಾಸ್ ಮತ್ತು ಡಾರ್ಕ್‌ಗೆ ನಾರ್ಮಲೈಸೇಷನ್ (ಫ್ರೇಮ್‌ಗಳ ಹೊಳಪನ್ನು ಒಂದೇ ಮಟ್ಟಕ್ಕೆ ತರುವುದು) ಹಾಕಬಾರದು, ಫ್ಲ್ಯಾಟ್‌ಗೆ ಗುಣಾಕಾರದ ನಾರ್ಮಲೈಸೇಷನ್ ಹಾಕಬೇಕು. ಡಿಬೇಯರ್ ಮಾಡುವುದು (ರಾ ಫೈಲಿನಿಂದ ಬಣ್ಣದ ಚಿತ್ರ ಕಟ್ಟುವುದು) ಕ್ಯಾಲಿಬ್ರೇಷನ್ ಆದ ಮೇಲೆ, ಮೊದಲಲ್ಲ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಫ್ಲ್ಯಾಟ್ ಹಾಕಿದ ಮೇಲೆ ಮೂಲೆಗಳು ಬೆಳ್ಳಗಾದರೆ ಎಲ್ಲರೂ ಫ್ಲ್ಯಾಟನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಲೈಟ್‌ನ ಬದಿಯಲ್ಲಿರುತ್ತದೆ. ನೆಲೆಮಟ್ಟ 2048 ಇರುವ ಕ್ಯಾಮೆರಾ ತೆಗೆದುಕೊಳ್ಳಿ. ಮಧ್ಯದಲ್ಲಿ ಆಕಾಶದ ನಿಜ ಸಂಕೇತ 1000, ಮೂಲೆಗೆ ತಲುಪುವುದು ಅದರ ಶೇ 60, ಅಂದರೆ 600. ಫೈಲಿನಲ್ಲಿ ಮಧ್ಯ 3048, ಮೂಲೆ 2648. ಡಾರ್ಕ್ ಅಥವಾ ಬಯಾಸ್ ಕಳೆಯದೆ ನೇರ 0.6ರಿಂದ ಭಾಗಿಸಿದರೆ ಮೂಲೆ 4413 ಆಗಿ ಮಧ್ಯಕ್ಕಿಂತ ಧಗಧಗಿಸುತ್ತದೆ. ಕಳೆದು ಭಾಗಿಸಿದರೆ ಎರಡೂ 1000.

ಇದೇ ತಪ್ಪು ಫ್ಲ್ಯಾಟ್‌ನಲ್ಲಾದರೆ ಫಲ ವಿರುದ್ಧ. ಫ್ಲ್ಯಾಟ್‌ನ ನಿಜ ಸಂಕೇತ ಮಧ್ಯದಲ್ಲಿ 8000, ಮೂಲೆಯಲ್ಲಿ 4800 ಇದ್ದು, ಎರಡರಲ್ಲೂ 2048 ಉಳಿದುಬಿಟ್ಟರೆ ಅನುಪಾತ 0.6ರ ಬದಲು 0.68 ಆಗುತ್ತದೆ. ಮೂಲೆ 880ರ ಆಸುಪಾಸಿನಲ್ಲೇ ನಿಂತು ಕಪ್ಪಾಗಿ ಉಳಿಯುತ್ತದೆ. ಬೆಳಕು ಸೋರಿದ ಡಾರ್ಕ್ ಬಳಸಿದಾಗಲೂ ಮೂಲೆ ಹೀಗೇ ಕಪ್ಪಾಗುತ್ತದೆ, ಏಕೆಂದರೆ ಬೇಕಾದದ್ದಕ್ಕಿಂತ ಹೆಚ್ಚು ಕಳೆದಿರುತ್ತೀರಿ. ಆಗ ಮಾಸ್ಟರ್ ಡಾರ್ಕ್‌ನ ಸರಾಸರಿಯನ್ನು ಮಾಸ್ಟರ್ ಬಯಾಸ್‌ನ ಸರಾಸರಿಯ ಪಕ್ಕ ಇಟ್ಟು ನೋಡಿ. ತಣ್ಣಗಿನ ಸೆನ್ಸರ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ದೊಡ್ಡ ಅಂತರ ಕಂಡರೆ ಸೋರಿಕೆ, ಇಲ್ಲವೇ ಎರಡಕ್ಕೂ ಬೇರೆ ಬೇರೆ ಆಫ್‌ಸೆಟ್.

ಉಂಗುರ ಪೂರ್ತಿ ಹೋಗದೆ ಒಂದು ಬದಿ ಬಿಳಿ, ಒಂದು ಬದಿ ಕಪ್ಪು ಉಬ್ಬುಚಿತ್ರದಂತೆ ಉಳಿದರೆ ಲೈಟ್ ಮತ್ತು ಫ್ಲ್ಯಾಟ್ ನಡುವೆ ಏನೋ ಸರಿದಿದೆ. ಎಲ್ಲ ಉಂಗುರಗಳೂ ಹಾಗಿದ್ದರೆ ಕ್ಯಾಮೆರಾ ಬಾಗಿದೆ ಅಥವಾ ತಿರುಗಿದೆ. ಒಂದೇ ಗಾತ್ರದವು ಮಾತ್ರ ಹಾಗಿದ್ದರೆ ಫಿಲ್ಟರ್ ವೀಲ್ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿಲ್ಲ. ಹಾಗಿದ್ದಲ್ಲಿ ಒಂದು ಫಿಲ್ಟರ್‌ನ ಲೈಟ್ ಮುಗಿದ ಕೂಡಲೇ, ವೀಲ್ ತಿರುಗಿಸುವ ಮೊದಲೇ, ಅದರ ಫ್ಲ್ಯಾಟ್ ತೆಗೆಯುವುದೊಂದೇ ಉಪಾಯ. ಉಂಗುರ ಒಂದೇ ಒಂದು ಇದ್ದು ಫ್ಲ್ಯಾಟ್‌ನಲ್ಲಿ ಕಾಣುವುದೇ ಇಲ್ಲವೆಂದರೆ ಆ ಧೂಳು ನಡುವೆ ಉದುರಿದೆ. ಆ ರಾತ್ರಿಯ ಲೈಟ್‌ಗಳಿಗೆ ಅದು ಇದ್ದಂತೆಯೇ ಇರಲಿ, ಮುಂದಿನ ರಾತ್ರಿಗೆ ಹೊಸ ಫ್ಲ್ಯಾಟ್ ತೆಗೆಯಿರಿ.

ಇಡೀ ಚಿತ್ರಕ್ಕೆ ಫ್ಲ್ಯಾಟ್ ಆದಮೇಲೆ ಬಣ್ಣದ ಛಾಯೆ ಬಂದರೆ ಹೆದರಬೇಕಿಲ್ಲ. ಪ್ಯಾನೆಲ್‌ನ ಬಣ್ಣ ಲೈಟ್‌ಗೆ ದಾಟಿದೆ ಅಷ್ಟೆ. ಸಿರಿಲ್‌ನಲ್ಲಿ ಈಕ್ವಲೈಸ್ ಸಿಎಫ್‌ಎ ಆಯ್ಕೆ ಹಾಕಿದರೆ ಅದು ಹೋಗುತ್ತದೆ, ಇಲ್ಲದಿದ್ದರೂ ಮುಂದಿನ ಬಣ್ಣ ತಿದ್ದುಪಡಿಯಲ್ಲಿ ಸರಿಹೋಗುತ್ತದೆ. ಹಿನ್ನೆಲೆಯಲ್ಲಿ ಕರಿ ಚುಕ್ಕೆಗಳು ಚೆಲ್ಲಿದಂತಿದ್ದರೆ ಮಾತ್ರ ಡಾರ್ಕ್‌ನ ತಾಪಮಾನವನ್ನೂ ಎಕ್ಸ್‌ಪೋಷರನ್ನೂ ಮತ್ತೆ ನೋಡಿ. ನ್ಯಾರೋಬ್ಯಾಂಡ್‌ನಂಥ ಕಡಿಮೆ ಬೆಳಕಿನ ಲೈಟ್‌ಗಳಲ್ಲಿ ಡಾರ್ಕ್ ಸರಿಯಿದ್ದರೂ ಕಳೆದ ಮೇಲೆ ಕೆಲವು ಪಿಕ್ಸೆಲ್ ಸೊನ್ನೆಗಿಂತ ಕೆಳಗೆ ಹೋಗಬಹುದು. ಪಿಕ್ಸ್‌ಇನ್‌ಸೈಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಅದಕ್ಕೆಂದೇ ಪೆಡೆಸ್ಟಲ್ ಎಂಬ ಆಯ್ಕೆಯಿದೆ, 100ರಿಂದ 200ರಷ್ಟು ಸೇರಿಸಿದರೆ ಕತ್ತರಿಸಿಹೋಗುವುದು ನಿಲ್ಲುತ್ತದೆ.

ಇಷ್ಟೆಲ್ಲ ಪತ್ತೆ ಹಚ್ಚಲು ಪೂರ್ತಿ ಸ್ಟ್ಯಾಕ್ ಮುಗಿಯುವವರೆಗೆ ಕಾಯಬೇಡಿ. ಒಂದೇ ಲೈಟ್ ಫ್ರೇಮನ್ನು ಮಾಸ್ಟರ್‌ಗಳಿಂದ ಕ್ಯಾಲಿಬ್ರೇಟ್ ಮಾಡಿ, ಆಟೊಸ್ಟ್ರೆಚ್ ಹಾಕಿ, ಮೂಲೆ ಮತ್ತು ಉಂಗುರ ನೋಡಿ. ಫ್ಲ್ಯಾಟ್ ಕೆಟ್ಟಿದೆ ಎಂದು ಕ್ಯಾಮೆರಾ ಕಳಚುವ ಮೊದಲೇ ಗೊತ್ತಾದರೆ ಇನ್ನೊಂದು ಸೆಟ್ ತೆಗೆಯಲು ಹತ್ತು ನಿಮಿಷ ಸಾಕು.